ಹನ್ನೊಂದು ಹೆಸರಿನ ಚೀಟಿ

"ಗೇಟು ತೆಗೀರಿ ಮೇಷ್ಟ್ರೇ!"

ಆ ದನಿಗೆ ಪ್ರಾರ್ಥನೆಗೆ ಸಾಲು ನಿಂತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು.

ಹೊಸದುರ್ಗದ ಆ ಹೈಸ್ಕೂಲಿನ ಗೇಟಿನಾಚೆ ನಿಂತಿದ್ದವಳು ಚಂದ್ರಕ್ಕ. ಸಂತೆಬೀದಿಯ ಟೈಲರ್ ಹನುಮಂತಯ್ಯನ ಒಬ್ಬಳೇ ಮಗಳು. ಇಪ್ಪತ್ತಮೂರು ವರ್ಷ. ಅಪ್ಪನ ಕಣ್ಣು ಮಂಜಾದ ಮೇಲೆ ಮೆಷಿನ್ ತುಳಿಯುತ್ತಿದ್ದವಳು ಅವಳೇ. ಎಡಗೈಯಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳನ್ನು ಹಿಡಿದು ನಿಂತಿದ್ದಳು. ಹುಡುಗಿ ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು. ಅವಳು ಉಟ್ಟಿದ್ದು ಹಸಿರು ಲಂಗ.

ಅದೇ ಅವಳ ತಪ್ಪು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಜೂನ್ ಅದು. ನೀಲಿ ಲಂಗ, ಬಿಳಿ ಜಂಪರ್ ಇಲ್ಲದ ಹುಡುಗಿಯರನ್ನು, ಬಿಳಿ ಅಂಗಿ, ಖಾಕಿ ಚಡ್ಡಿ ಇಲ್ಲದ ಹುಡುಗರನ್ನು ಒಳಗೆ ಬಿಡಬಾರದೆಂದು ಶಾಲಾ ಸಮಿತಿ ಆ ವರ್ಷ ಹೊಸ ಕಟ್ಟಳೆ ಮಾಡಿತ್ತು. ಅದುವರೆಗೆ ಉಳ್ಳವರ ಮಕ್ಕಳು ಮಾತ್ರ ಹಾಕುತ್ತಿದ್ದ ಸಮವಸ್ತ್ರ ಈಗ ಎಲ್ಲರಿಗೂ ಕಡ್ಡಾಯವಾಗಿತ್ತು. ಗೇಟಿನ ಒಳಗೆ, ಕೊರಳಿಗೆ ಸೀಟಿ ನೇತುಹಾಕಿಕೊಂಡು ಹೊಸ ಡ್ರಿಲ್ ಮೇಷ್ಟ್ರು ಕಾಟಲಿಂಗಪ್ಪ ನಿಂತಿದ್ದ. ಎತ್ತರದ, ಕಪ್ಪು ಮೈಯ, ಮಾತು ಕಮ್ಮಿ ಆಳು.

"ಈ ಮಗಾ ಹಟ್ಟಿಯಿಂದ ನಾಕು ಮೈಲಿ ನಡ್ಕಂಡು ಬಂದೈತೆ. ನಿಮಗೆ ಕಾಣ್ಸೋದು ಲಂಗದ ಬಣ್ಣ ಒಂದೇನಾ?"

"ಕಟ್ಟಳೆ ನಾನು ಮಾಡಿದ್ದಲ್ಲಮ್ಮ."

"ಕಾವಲು ನಿಂತಿರೋರು ನೀವೇ ಅಲ್ವಾ?"

ಮಕ್ಕಳ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಾಟಲಿಂಗಪ್ಪ ಸಿಟ್ಟಾಗಲಿಲ್ಲ. ಗೇಟಿನ ಹತ್ತಿರ ಬಂದು, ಅವಳಿಗೆ ಮಾತ್ರ ಕೇಳುವಂತೆ ದನಿ ತಗ್ಗಿಸಿದ.

"ಇವತ್ತು ಹನ್ನೊಂದು ಮಕ್ಕಳನ್ನ ವಾಪಸ್ ಕಳ್ಸೀನಿ. ಒಬ್ಬಳಿಗೆ ನೀವು ಬಂದ್ರಿ. ಉಳಿದ ಹತ್ತು ಮಕ್ಕಳಿಗೆ ಯಾರು ಬರ್ತಾರೆ, ಹೇಳ್ರಿ?"

ಚಂದ್ರಕ್ಕ ಅವನನ್ನೇ ದಿಟ್ಟಿಸಿದಳು. 'ಎಂಥ ಕಲ್ಲು ಮನಸಿನೋನು!' ಎಂದುಕೊಂಡಳು. ಆದರೆ ಅವನ ಕಣ್ಣು ನೋಡಿದರೆ ಕಲ್ಲಿನ ಹಾಗೆ ಇರಲಿಲ್ಲ...

"ಒಂದು ವಾರ ಟೈಮ್ ಕೊಡ್ರಿ," ಎಂದಳು ಬಿಗಿಯಾಗಿ. "ಹನ್ನೊಂದೂ ಮಕ್ಕಳು ಒಳಗೆ ಬರ್ತಾವೆ."

ಹುಡುಗಿಯ ಹೆಸರು ಜುಂಜಮ್ಮ. ಕುರಿ ಕಾಯುವ ಉಗ್ರಪ್ಪನ ಮಗಳು. ಆ ಹಟ್ಟಿಯಿಂದ ಹೈಸ್ಕೂಲು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಮಗು. ಪಾಟೀಚೀಲ ಎದೆಗವಚಿಕೊಂಡು ಟೈಲರ್ ಅಂಗಡಿಯ ಜಗಲಿ ಮೇಲೆ ಅಳುತ್ತ ಕೂತವಳನ್ನು ಚಂದ್ರಕ್ಕ ಎಬ್ಬಿಸಿಕೊಂಡು ಬಂದಿದ್ದಳು.

ಅವತ್ತು ಮಧ್ಯಾಹ್ನದಿಂದಲೇ ಅವಳು ಮನೆ ಮನೆ ಸುತ್ತಿದಳು. ತಾಲ್ಲೂಕು ಕಚೇರಿ ಗುಮಾಸ್ತರ ಮನೆ, ಪೋಸ್ಟ್ ಮಾಸ್ತರ ಮನೆ, ಕೊಬ್ಬರಿ ಮಂಡಿ ಸಾಹುಕಾರರ ಮನೆ...

"ನಿಮ್ಮ ಮಗೀಗೆ ಗಿಡ್ಡ ಆಗಿರೋ ಲಂಗ ಐತೇನ್ರಿ? ಬಿಗಿ ಆಗಿರೋ ಅಂಗಿ?"

ಕೆಲವರು ಕೊಟ್ಟರು. ಕೆಲವರು ಹಳೇ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಇಟ್ಟಿದ್ದೇವೆ ಎಂದು ಬಾಗಿಲು ಹಾಕಿದರು. ಪಕ್ಕದ ಮನೆಯ ನಿಂಗಕ್ಕ, ಎದುರು ಮನೆಯ ಚಿತ್ತಮ್ಮ ತಾವಾಗಿಯೇ ಬಂದು ಕೂತರು. ಒಬ್ಬರು ಸೋಡದಲ್ಲಿ ನೆನೆಹಾಕಿ ಒಗೆದರೆ ಇನ್ನೊಬ್ಬರು ಹೊಲಿಗೆ ಬಿಚ್ಚುತ್ತಿದ್ದರು. ಬಟ್ಟೆಯ ಅಂಚಿನಲ್ಲಿ ಅಗಸರು ಹಾಕಿದ ಗುರುತು ಇರುತ್ತಿತ್ತು. ಇದು ಇಂಥವರ ಮನೆಯದು ಎಂದು ಆ ಚುಕ್ಕಿ, ಗೀಟು ನೋಡಿದರೆ ಗೊತ್ತಾಗುತ್ತಿತ್ತು. ಚಂದ್ರಕ್ಕ ಅದರ ಮೇಲೆ ಒಳಗಡೆಯಿಂದ ತೇಪೆ ಹೊಲಿಯುತ್ತಿದ್ದಳು.

"ಅಷ್ಟು ಯಾಕವ್ವ ನಾಜೂಕು? ಒಳಗಿಂದು ಯಾರಿಗೆ ಕಾಣ್ತೈತೆ?" ಎಂದಳು ನಿಂಗಕ್ಕ.

"ಉಟ್ಕಳೋ ಮಗೀಗೆ ಕಾಣ್ತೈತಲ್ಲ ನಿಂಗಕ್ಕ. ಕೊಟ್ಟೋರು ಯಾರು ಅಂತ ಇಸ್ಕಂಡೋರಿಗೆ ಗೊತ್ತಾಗಬಾರ್ದು. ಇಸ್ಕಂಡೋರು ಯಾರು ಅಂತ ಕೊಟ್ಟೋರಿಗೆ ಗೊತ್ತಾಗಬಾರ್ದು. ನಾನು ಆ ಮಕ್ಕಳ ತಾಯಂದಿರಿಗೆಲ್ಲ ಮಾತು ಕೊಟ್ಟೀನಿ."

ಆ ಭಾನುವಾರ ಬಾಗಿಲಲ್ಲಿ ದೊಡ್ಡ ಗಂಟೊಂದು ಧೊಪ್ಪನೆ ಬಿತ್ತು. ತಲೆ ಎತ್ತಿ ನೋಡಿದರೆ ಕಾಟಲಿಂಗಪ್ಪ!

"ಚಿತ್ರದುರ್ಗಕ್ಕೆ ಹೋಗಿದ್ದೆ. ವಕೀಲರ ಮನೆ, ಆಫೀಸರ ಮನೆ ಎಲ್ಲ ಸುತ್ತಿ ತಂದೆ. ಮೂವತ್ತು ಅವೆ. ನನಗೂ ಒಂದು ಬ್ಲೇಡು ಕೊಡ್ರಿ, ಹೊಲಿಗೆ ಬಿಚ್ತೀನಿ."

"ಡ್ರಿಲ್ ಮೇಷ್ಟ್ರಿಗೆ ಹೊಲಿಗೆ ಬಿಚ್ಚೋಕೆ ಬರ್ತೈತಾ?"

"ಕುರಿ ಉಣ್ಣೆ ಕತ್ತರಿಸಿದ ಕೈ ಇದು. ನೋಡ್ರಿ ಬೇಕಾರೆ."

ಹನುಮಂತಯ್ಯ ಮೂಲೆಯಿಂದ ಜೋರಾಗಿ ನಕ್ಕರು. "ಕುಂತ್ಕಳ್ರಿ ಮೇಷ್ಟ್ರೇ. ನಮ್ಮ ಹುಡುಗಿ ನಾಲಿಗೆಗೆ ಹೆದರ್ಬ್ಯಾಡ್ರಿ."

ಮಕ್ಕಳಿಗೆ ಎರಡನೇ ಜೊತೆ ಬಟ್ಟೆಗೆಂದು ಹೀಗೆ ಆರು ಭಾನುವಾರ. ಅವನು ಹರಿಯಬ್ಬೆ ಕಡೆಯ ಹಟ್ಟಿಯವನೆಂದು, ತಾನೂ ಇನ್ನೊಬ್ಬರ ಅಂಗಿ ತೊಟ್ಟೇ ಓದಿದವನೆಂದು ಅವಳಿಗೆ ತಿಳಿದದ್ದು ಆಗಲೇ.

"ಆ ಅಂಗಿ ಯಾರ್ದು ಅಂತ ಇಡೀ ಕ್ಲಾಸಿಗೆ ಗೊತ್ತಿತ್ತು. ಬೆನ್ನು ಕಾಣದಂಗೆ ಗೋಡೆಗೆ ಒರಗಿ ನಿಲ್ತಿದ್ದೆ," ಎಂದಿದ್ದ ಒಮ್ಮೆ, ದಾರದ ಎಳೆ ಕೀಳುತ್ತ.

ಚಂದ್ರಕ್ಕನ ಮೆಷಿನ್ ನಿಂತಿತು. ಅವನ ಬಗ್ಗಿದ ತಲೆಯನ್ನೇ ನೋಡಿದಳು. ಎದೆಯೊಳಗೆ ಏನೋ ಮೆತ್ತಗೆ ಕಳಚಿಕೊಂಡಂತಾಯಿತು. 'ಇವನನ್ನ ಕಲ್ಲು ಅಂದಿದ್ದೆನಲ್ಲ...'

ಅವನು ತಲೆ ಎತ್ತಿದ. ಇಬ್ಬರೂ ಒಂದು ಗಳಿಗೆ ಕಣ್ಣು ಕೀಳಲಿಲ್ಲ.

"ದಾರ ಮುಗೀತಾ?" ಎಂದಳು ಅವಳು, ಏನಾದರೂ ಹೇಳಬೇಕಲ್ಲ ಎಂದು.

"ಇಲ್ಲ... ಇನ್ನೂ ಐತೆ," ಎಂದನು ಅವನು, ದಾರದ ಕಡೆ ನೋಡದೆಯೇ.

ಹೇಳಿದ ವಾರದೊಳಗೇ ಹನ್ನೊಂದು ಮಕ್ಕಳೂ ಶಾಲೆಯೊಳಗೆ ಹೋಗಿದ್ದವು. ಜುಂಜಮ್ಮ ನೀಲಿ ಲಂಗ ಉಟ್ಟು ಒಂದು ಸುತ್ತು ತಿರುಗಿ, "ಅಕ್ಕಾ, ಹೊಸದೇ ಅಲ್ವಾ ಇದು?" ಎಂದು ಕೇಳಿದಾಗ ಚಂದ್ರಕ್ಕ ಹೂಂ ಎಂದಿದ್ದಳು.

ಆಗಸ್ಟ್ ಮೊದಲ ವಾರ ಕಾಟಲಿಂಗಪ್ಪ ಕೇಳಿದ. "ಆ ಹನ್ನೊಂದು ಮಕ್ಕಳ ಹೆಸರು, ಊರು ಒಂದು ಚೀಟೀಲಿ ಬರ್ಕೊಡ್ತೀರಾ? ಅಳತೆ ತಗಂಡೋರು ನೀವು, ಯಾರ್ದು ಯಾವೂರು ಅಂತ ನಿಮಗೇ ಗೊತ್ತು. ಬೇಕಾಗೈತೆ."

ಏತಕ್ಕೆಂದು ಅವಳು ಕೇಳಲಿಲ್ಲ. ಅವನನ್ನು ಏತಕ್ಕೆಂದು ಕೇಳುವ ಹಂತವನ್ನು ಅವಳು ಆಗಲೇ ದಾಟಿದ್ದಳು. ದುಂಡು ಅಕ್ಷರದಲ್ಲಿ ಬರೆದುಕೊಟ್ಟಳು. "ಜೋಪಾನ," ಎಂದಳು ಅಷ್ಟೇ.

"ಜೋಪಾನ," ಎಂದು ಅವನು ಜೇಬಿಗಿಟ್ಟುಕೊಂಡ.

ಸ್ವಾತಂತ್ರ್ಯ ದಿನ. ಬಾವುಟ ಏರಿತು. ಮಕ್ಕಳು ಹಾಡಿದರು. ಚಂದ್ರಕ್ಕ ಊರಿನ ಹೆಂಗಸರ ಜೊತೆ ಹಿಂದೆ ನಿಂತಿದ್ದಳು. ಅವತ್ತು ಅವಳು ಮುಡಿದಿದ್ದ ಮಲ್ಲಿಗೆ ಯಾರಿಗಾಗಿ ಎಂದು ಚಿತ್ತಮ್ಮ ಕೆಣಕುತ್ತಿದ್ದಳು.

ಶಾಲಾ ಸಮಿತಿ ಅಧ್ಯಕ್ಷ, ಮಂಡಿ ಸಾಹುಕಾರ ರೇವಣಸಿದ್ದಪ್ಪ ಭಾಷಣಕ್ಕೆ ಎದ್ದರು. ಕೆಟ್ಟವರಲ್ಲ. ಶಾಲೆಗೆ ಎರಡು ಕೋಣೆ ಕಟ್ಟಿಸಿದ್ದವರು. ಆದರೆ ಕೊಟ್ಟದ್ದನ್ನು ಹೇಳಿಕೊಳ್ಳದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

"ನಮ್ಮೂರಿನ ದಾನಿಗಳು ಬಡಮಕ್ಕಳಿಗೆ ಹಳೇ ಬಟ್ಟೆ ದಾನ ಕೊಟ್ಟವ್ರೆ! ಅಂಥ ಮಕ್ಕಳು ಒಬ್ಬೊಬ್ರೇ ವೇದಿಕೆ ಮೇಲೆ ಬರ್ಬೇಕು. ಹೆಸರು ಓದ್ತೀನಿ."

ಜೇಬಿನಿಂದ ಒಂದು ಚೀಟಿ ತೆಗೆದರು.

ಚಂದ್ರಕ್ಕ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. ಆ ಗೀಟು ಹೊಡೆದ ಹಾಳೆ... ಎಡಗಡೆ ಮೂಲೆಯಲ್ಲಿ ಮೆಷಿನ್ ಎಣ್ಣೆಯ ಕಲೆ... ಅದು ಅವಳದೇ!

ಹೆಸರುಗಳು ಒಂದೊಂದಾಗಿ ಕೇಳಿಸಿದವು. ಮಕ್ಕಳು ಒಂದೊಂದಾಗಿ ಮೆಟ್ಟಿಲು ಹತ್ತಿದವು. ಒಬ್ಬ ಹುಡುಗ ಪಾಟೀಚೀಲವನ್ನು ಅಂಗಿಗೆ ಅಡ್ಡ ಹಿಡಿದುಕೊಂಡಿದ್ದ. ಕೊನೆಯವಳು ಜುಂಜಮ್ಮ.

"ಈ ಲಂಗ ನಮ್ಮ ಮಗಳದ್ದು, ನೆರಿಗೆ ನೋಡಿದ್ರೇ ಗೊತ್ತಾಗ್ತೈತೆ!" ರೇವಣಸಿದ್ದಪ್ಪ ಪ್ರೀತಿಯಿಂದಲೇ ನಕ್ಕರು. "ಹೆಂಗೆ ಒಪ್ಪೈತೆ ನೋಡ್ರಿ. ತಿರುಗು ಮಗಾ, ಎಲ್ಲಾರೂ ನೋಡ್ಲಿ."

ಜುಂಜಮ್ಮ ತಿರುಗಿದಳು. ಅಂದು ಹನುಮಂತಯ್ಯನ ಮನೆಯಲ್ಲಿ ಖುಷಿಯಿಂದ ತಿರುಗಿದ ಹುಡುಗಿ ಇವಳೇನಾ? ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನಿಲ್ಲುವಷ್ಟರಲ್ಲಿ ಅವಳ ಮುಖದಲ್ಲಿ ಏನೋ ಸತ್ತುಹೋಗಿತ್ತು.

ಚಂದ್ರಕ್ಕ ಬಾವುಟದ ಕಂಬದ ಕಡೆ ನೋಡಿದಳು. ಅಲ್ಲಿ ಕಾಟಲಿಂಗಪ್ಪ ನಿಂತಿದ್ದ. ಅಲ್ಲಾಡಲಿಲ್ಲ. ತಡೆಯಲಿಲ್ಲ. ಸುಮ್ಮನೆ ನಿಂತಿದ್ದ!

ಸಭೆ ಮುಗಿದದ್ದೇ ತಡ, ಅವಳು ನೇರ ಅವನ ಎದುರಿಗೆ ಹೋದಳು.

"ಆ ಚೀಟಿ ನಿಮ್ಮ ಕೈಯಿಂದಲೇ ಹೋಯ್ತಾ?"

"ಹೌದು. ಆದರೆ ಚಂದ್ರಕ್ಕಾರೆ, ನಾನು..."

"ಹೌದು ಅಂದ್ರಲ್ಲ. ಸಾಕು." ಅವಳು ಅವನ ಮಾತು ತಡೆದಳು. "ಗೋಡೆಗೆ ಒರಗಿ ನಿಂತ ಕತೆ ನನಗೆ ಹೇಳಿದ್ರಿ. ಆ ಮಗೀಗೆ ಒರಗೋಕೆ ಗೋಡೇನೂ ಇಲ್ದಂಗೆ ಮಾಡಿದ್ರಿ."

ಅವನು ಎರಡು ಸಲ ಮನೆಗೆ ಬಂದ. ಮಗಳು ಮನೇಲಿಲ್ಲ ಎಂದು ಹನುಮಂತಯ್ಯನ ಬಾಯಲ್ಲಿ ಸುಳ್ಳು ಹೇಳಿಸಿದಳು. ಕಾಗದ ಬರೆದ. ಒಡೆಯದೆ ಒಲೆಗೆ ಹಾಕಿದಳು.

ಒಂದು ವಾರದ ಮೇಲೆ ಜುಂಜಮ್ಮನ ತಾಯಿ ಹುಚ್ಚಕ್ಕ ಬಂದಳು. ಒಗೆದು ಮಡಿಚಿದ ಲಂಗ, ಜಂಪರ್ ಜಗಲಿ ಮೇಲಿಟ್ಟಳು.

"ನಮ್ಮ ಹುಡುಗಿ ಇನ್ನ ಬರಲ್ಲ ತಾಯಿ. ಬ್ಯಾರೆ ಯಾರಿಗಾನ ಕೊಡ್ರಿ."

"ಯಾಕವ್ವ, ನಾನು ಬಂದು ಮಾತಾಡ್ಲಾ?"

"ಏನಂತ ಮಾತಾಡ್ತೀರಿ?" ಹುಚ್ಚಕ್ಕ ಸಿಟ್ಟಿನಿಂದ ಕೇಳಿದ್ದಲ್ಲ. ನಿಜಕ್ಕೂ ಕೇಳಿದ್ದಳು.

ಚಂದ್ರಕ್ಕ ಲಂಗ ಎತ್ತಿ ಒಳಗಿಟ್ಟಳು. ಹೋಗಬೇಕೆಂದು ಅಂದುಕೊಂಡಳು. ನಾಳೆ, ನಾಳಿದ್ದು ಎಂದುಕೊಂಡಳು. ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡಳು. ಮಾಗಿ ಬರುವಷ್ಟರಲ್ಲಿ ಜುಂಜಮ್ಮನಿಗೆ ಮದುವೆಯಾಯಿತು ಎಂಬ ಸುದ್ದಿ ಬಂತು. ಡ್ರಿಲ್ ಮೇಷ್ಟ್ರು ಹರಿಯಬ್ಬೆಗೆ ವರ್ಗ ಮಾಡಿಸಿಕೊಂಡರಂತೆ ಎಂಬ ಸುದ್ದಿಯೂ ಅದೇ ವಾರ ಬಂತು.

'ಓಡಿಹೋದ, ಹೇಡಿ!' ಎಂದುಕೊಂಡಳು. ಆ ಸಿಟ್ಟು ಅವಳಿಗೆ ಒಂದು ಥರ ಆಸರೆಯಾಯಿತು. ಹೆಣ್ಣು ನೋಡಲು ಬಂದವರನ್ನೆಲ್ಲ ಬೇಡವೆಂದಳು. ಬಟ್ಟೆ ಹೊಲಿಯುವುದು ಬಿಡಲಿಲ್ಲ. ಪ್ರತಿ ಜೂನ್‌ನಲ್ಲೂ ಮನೆ ಮನೆ ಸುತ್ತಿದಳು. ಆದರೆ ಯಾರ ಹೆಸರನ್ನೂ ಮತ್ತೆ ಹಾಳೆಯ ಮೇಲೆ ಬರೆಯಲಿಲ್ಲ.

ಮೂರು ವರ್ಷ ಕಳೆದವು.

ಎಪ್ಪತ್ತೇಳರ ಕೊನೆಯ ಒಂದು ಸಂತೆ ದಿನ, ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಅಂಗಡಿಗೆ ಬಂದು ರವಿಕೆ ಬಟ್ಟೆ ಚಾಚಿದಳು. ಚಂದ್ರಕ್ಕ ಅಳತೆ ಟೇಪು ಹಿಡಿದು ಎದ್ದವಳು ಹಾಗೇ ನಿಂತುಬಿಟ್ಟಳು.

"ಜುಂಜಮ್ಮ...?"

"ಹೂಂ ಅಕ್ಕ."

ಹದಿನೇಳರ ಹುಡುಗಿ. ಕೈ ಒರಟಾಗಿತ್ತು. ಕೆನ್ನೆ ಒಳಗೆ ಹೋಗಿತ್ತು. ಚಂದ್ರಕ್ಕ ಮಗುವಿನ ಕೆನ್ನೆ ಸವರಿದಳು. ಏನಾದರೂ ಹೇಳಬೇಕೆಂದು ಬಾಯಿಗೆ ಬಂದದ್ದು ಹಳೆಯ ಸಿಟ್ಟೇ.

"ಎಲ್ಲ ಆ ಮೇಷ್ಟ್ರಿಂದ ಆಯ್ತು ಕಣವ್ವ. ನಿನ್ನ ಬಾಳು ಹಾಳು ಮಾಡಿ ಓಡಿಹೋದ."

ಜುಂಜಮ್ಮ ಅವಳನ್ನು ವಿಚಿತ್ರವಾಗಿ ನೋಡಿದಳು.

"ಓಡಿಹೋದ್ರಾ? ಮೇಷ್ಟ್ರು ನಮ್ಮ ಹಟ್ಟಿಗೆ ಏಳು ಸತಿ ಬಂದಿದ್ರು ಅಕ್ಕ."

"ಏನು?"

"ದೂರದಿಂದ ನಡ್ಕಂಡು ಬರೋ ಮಕ್ಕಳಿಗೆ ಸರ್ಕಾರಿ ಹಾಸ್ಟೆಲ್ ಸೀಟು ಕೇಳಿ ಅರ್ಜಿ ಕೊಟ್ಟಿದ್ರಂತೆ. ಅದರ ಜೊತೆಗೆ ಆ ಚೀಟಿ ಹೆಡ್‌ಮಾಸ್ತರಿಗೆ ಕೊಟ್ಟಿದ್ರಂತೆ. ಅವರು ಸಾಹುಕಾರ್ರಿಗೆ ಕೊಟ್ಟವ್ರೆ. 'ಅದು ವೇದಿಕೆ ಹತ್ತುತೈತೆ ಅಂತ ನನಗೆ ತಿಳೀಲಿಲ್ಲ, ಆದ್ರೂ ತಪ್ಪು ನಂದೇ' ಅಂತ ನಮ್ಮಪ್ಪನ ಕಾಲಿಗೆ ಬಿದ್ರು." ಜುಂಜಮ್ಮ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. "ಕೊನೇ ಸತಿ ಬಂದಾಗ ನನ್ನ ಮದುವೆ ಚಪ್ಪರ ಹಾಕಿದ್ರು. ಸೀಟು ಸಿಕ್ಕೈತೆ ಅಂತ ಸರ್ಕಾರದ ಕಾಗದ ಹಿಡ್ಕಂಡು ಬಂದಿದ್ರು. ಹಟ್ಟಿ ಗಂಡಸರು ಅಂಗಿ ಹರಿದು ಹೊಡೆದ್ರು. ಕೈ ಎತ್ತಲಿಲ್ಲ ಮೇಷ್ಟ್ರು. ಆ ಕಾಗದ ಮಾತ್ರ ಹರೀದಂಗೆ ಮೇಲೆ ಎತ್ತಿ ಹಿಡ್ಕಂಡಿದ್ರು."

ಚಂದ್ರಕ್ಕ ಟೇಪನ್ನು ಮೆಷಿನ್ ಮೇಲಿಟ್ಟಳು.

"ನೀನು... ನೀನೇನು ಅಂದೆ?"

"ನಾನೇ ಬರಲ್ಲ ಅಂದೆ. ಅಪ್ಪ ಒಂದು ಹಂತದಾಗೆ ಒಪ್ಪಿದ್ದ. ನನಗೇ ಆ ಗೇಟು ನೆನೆಸ್ಕಂಡ್ರೆ ಮೈ ನಡುಗೋದು." ತಣ್ಣಗೆ ಹೇಳಿದಳು. "ನೀವು ಬಂದು ಕರೆದಿದ್ರೆ ಬರ್ತಿದ್ದೆನೋ ಏನೋ. ದಿನಾ ಹಟ್ಟಿ ಬಾಗಿಲಾಗೆ ನಿಂತು ನೋಡ್ತಿದ್ದೆ. ನೀವು ಒಂದು ಸತೀನೂ ಬರ್ಲಿಲ್ವಲ್ಲ ಅಕ್ಕ."

ಆ ಮಾತಿನಲ್ಲಿ ದೂರು ಕೂಡ ಇರಲಿಲ್ಲ. ದೂರಿದ್ದರೆ ತಡೆದುಕೊಳ್ಳಬಹುದಿತ್ತು!

ಅವಳ ಗಂಡನ ಊರಿನ ಬಸ್ಸು ಹಾರನ್ ಹೊಡೆಯಿತು. ಚಂದ್ರಕ್ಕ ಬಾಯಿ ತೆರೆಯುವಷ್ಟರಲ್ಲಿ ಜುಂಜಮ್ಮ ಬಟ್ಟೆ ಅಲ್ಲಿಯೇ ಬಿಟ್ಟು ಓಡಿದಳು.

ಅವತ್ತು ಇಡೀ ದಿನ ಮೆಷಿನ್ ಸದ್ದು ಮಾಡಲಿಲ್ಲ. 'ಅವನು ಏಳು ಸಲ ಹೋದ. ಹೊಡೆಸಿಕೊಂಡ. ನಾನು? ಮೂರು ವರ್ಷ ಅವನನ್ನು ಬೈಯುತ್ತ ಕೂತೆ. ಹಾಗೆ ಬೈಯುತ್ತ ಇದ್ದುದರಿಂದಲೇ ನಾಲ್ಕು ಮೈಲಿ ನಡೆಯುವುದು ತಪ್ಪಿತು...'

ಮಾರನೆಯ ಬೆಳಿಗ್ಗೆ ಅವಳು ಸೀರೆ ಬದಲಾಯಿಸಿದ್ದನ್ನು ಹನುಮಂತಯ್ಯ ಸರಬರ ಸದ್ದಿನಿಂದಲೇ ತಿಳಿದರು.

"ಹರಿಯಬ್ಬೆಗೇನಮ್ಮ?"

"ಹೂಂ ಅಪ್ಪ."

"ಹೋಗು. ಅವರ ಕುಲ ಬ್ಯಾರೆ, ನಮ್ಮ ಕುಲ ಬ್ಯಾರೆ. ಜನ ಬಾಯಿಗೆ ಬಂದಂಗೆ ಅಂತಾರೆ. ಅನ್ಲಿ ಬಿಡು. ಅವತ್ತು ಸುಳ್ಳು ಹೇಳಿದ ಬಾಯಿ ನಂದು. ಅದಕ್ಕೂ ಒಂದು ಕ್ಷಮೆ ಕೇಳ್ಕಂಡು ಬಾ."

ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಹರಿಯಬ್ಬೆ ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆ. ಶಾಲೆಯ ಬಯಲಿನಲ್ಲಿ ಮಕ್ಕಳು ಕಬಡ್ಡಿ ಆಡುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಬಣ್ಣದ ಬಟ್ಟೆ. ಬೇವಿನ ಮರದ ಕೆಳಗೆ ಕಾಟಲಿಂಗಪ್ಪ ನಿಂತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು.

ಅವಳನ್ನು ಕಂಡು ಸೀಟಿ ಬಾಯಲ್ಲೇ ನಿಂತಿತು.

"ಚಂದ್ರಕ್ಕಾರೆ...?"

"ಯಾಕೆ ಹೇಳ್ಲಿಲ್ಲ ಮೇಷ್ಟ್ರೇ?" ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತು ಅವಳು ಕೇಳಿಬಿಟ್ಟಳು. "ಬಾಗಿಲು ಒದ್ದಾದ್ರೂ ಒಳಗೆ ಬಂದು ಹೇಳ್ಬೇಕಿತ್ತು!"

"ಏನಂತ ಹೇಳ್ಲಿ? ಒಳ್ಳೇದಕ್ಕೇ ಮಾಡಿದ್ದೆ ಅಂತಾನಾ? ಸಾಹುಕಾರ್ರೂ ಒಳ್ಳೇದಕ್ಕೇ ಮಾಡಿದ್ದು." ಅವನು ನೆಲ ನೋಡಿದ. "ನಿಮ್ಮನ್ನ ಒಂದು ಮಾತು ಕೇಳಿ ಕೊಡ್ಬೇಕಿತ್ತು. ಕೇಳ್ಲಿಲ್ಲ. ಹಾಸ್ಟೆಲ್ ಸೀಟು ಸಿಕ್ಕ ಮೇಲೆ ಹೇಳಿ ನಿಮ್ಮ ಮುಖದಾಗೆ ನಗು ನೋಡ್ಬೇಕು ಅಂತ ಆಸೆ ಇತ್ತು. ನನ್ನ ಆಸೆಗೆ ಆ ಮಗು ಬಲಿ ಆಯ್ತು."

"ವೇದಿಕೆ ಹತ್ತಿ ಕಿತ್ಕಳ್ಳೋದಲ್ವಾ ಆ ಚೀಟಿ?"

"ಕಾಲು ಬರ್ಲಿಲ್ಲ." ಅವನು ಬೇವಿನ ಮರಕ್ಕೆ ಕೈ ಊರಿದ. "ನಾನು ಮತ್ತೆ ಆ ಅಂಗಿ ತೊಟ್ಟ ಹುಡುಗ ಆಗಿಬಿಟ್ಟೆ ಚಂದ್ರಕ್ಕಾರೆ. ಬೆನ್ನಿಗೆ ಕಂಬ ಒತ್ಕಂಡು ನಿಂತುಬಿಟ್ಟೆ. ಅದಕ್ಕೆ ಕ್ಷಮೆ ಇಲ್ಲ."

ಚಂದ್ರಕ್ಕನ ಕಣ್ಣು ತುಂಬಿ ಬಂತು. ಅವಳು ಒರೆಸಿಕೊಳ್ಳಲಿಲ್ಲ.

"ನೀವು ಏಳು ಸತಿ ಹೋದ್ರಿ. ನಾನು ಒಂದು ಸತೀನೂ ಹೋಗ್ಲಿಲ್ಲ. ದಿನಾ ಬಾಗಿಲಾಗೆ ನಿಂತು ನನ್ನ ದಾರಿ ಕಾಯ್ತಿದ್ಲಂತೆ. ನಿಮ್ಮನ್ನ ಬೈಯೋದ್ರಾಗೆ ನಾನು ಅವಳನ್ನೇ ಮರ್ತೆ. ಈಗ ಹೇಳ್ರಿ, ಯಾರದು ದೊಡ್ಡ ತಪ್ಪು?"

ಅವನು ಕೊರಳ ಸೀಟಿ ಬಿಚ್ಚಿ ಜೇಬಿಗಿಟ್ಟ.

"ಒಂದು ಮಾತು ಹೇಳೋಕೆ ಬಂದೆ," ಎಂದಳು ಅವಳು, ತಡವರಿಸುತ್ತ. "ನಾಚಿಕೆ ಬಿಟ್ಟೇ ಹೇಳ್ತೀನಿ. ಮೂರು ವರ್ಷ ನಿಮ್ಮ ಮೇಲೆ ಸಿಟ್ಟು ಅಂದ್ಕಂಡಿದ್ದೆ. ಬರೀ ಸಿಟ್ಟಾಗಿದ್ರೆ ಬಂದ ಗಂಡುಗಳಲ್ಲಿ ಒಬ್ಬನ್ನಾದ್ರೂ ಒಪ್ತಿದ್ದೆ."

ಕಾಟಲಿಂಗಪ್ಪ ತಲೆ ಎತ್ತಿದ. ಕೈ ಚಾಚಿದವನು ಅರ್ಧದಲ್ಲೇ ತಡೆದ.

"ನಾವಿಬ್ರೂ ಸುಖವಾಗಿದ್ರೆ ಅದು ನ್ಯಾಯಾನಾ ಚಂದ್ರಕ್ಕ?"

ಹೆಸರಿನ ಕೊನೆಯ 'ಆರೆ' ಬಿಟ್ಟುಹೋದದ್ದು ಅವನ ಗಮನಕ್ಕೆ ಬರಲಿಲ್ಲ. ಅವಳ ಗಮನಕ್ಕೆ ಬಂತು.

"ಸುಖ ಕೇಳೋಕೆ ಬಂದಿಲ್ಲ ನಾನು. ಈ ಭಾರಾನ ಒಬ್ಳೇ ಹೊತ್ಕಂಡು ಸಾಕಾಗೈತೆ. ನೀವೂ ಒಬ್ರೇ ಹೊತ್ತೀರಿ." ಅವಳೇ ಮುಂದೆ ಬಂದು ಆ ಅರ್ಧ ಚಾಚಿದ ಕೈ ಹಿಡಿದಳು. ಒರಟು ಕೈ. ಬಿಸಿಯಾಗಿತ್ತು. "ಅಪ್ಪಂಗೆ ಗೊತ್ತೈತೆ. ಒಪ್ಪವ್ರೆ. ಆದ್ರೆ ಮದುವೆ ಮಾತಿಗಿಂತ ಮುಂಚೆ ಒಂದು ಕಡೆ ಹೋಗ್ಬೇಕು."

"ಎಲ್ಲಿಗೆ?"

"ಜುಂಜಮ್ಮನ ಮನೆಗೆ. ಅವಳಿಗೆ ಹದಿನೇಳು ಅಷ್ಟೇ. ಪ್ರೈವೇಟಾಗಿ ಕಟ್ಟಿದ್ರೆ ಪರೀಕ್ಷೆ ಬರೀಬೋದು. ನೀವು ಪಾಠ ಹೇಳ್ರಿ, ಮಗೀನ ನಾನು ನೋಡ್ಕಂತೀನಿ."

"ಬ್ಯಾಡ ಅಂದ್ರೆ? ಅವಳು ಮೊದಲೇ ಒಂದು ಸತಿ ಅಂದವ್ಳೆ."

"ಅನ್ಲಿ. ಅನ್ನೋ ಹಕ್ಕು ಅವಳಿಗೈತೆ. ನಾವು ಕೇಳ್ಬೇಕು ಅಷ್ಟೇ."

"ಬಾಗಿಲೇ ತೆಗೀದಿದ್ರೆ ಚಂದ್ರಕ್ಕ?"

"ಆಚೆ ಕುಂತ್ಕಳ್ಳಾಣ."

"ಇಬ್ರೂನಾ?"

"ಇಬ್ರೂ."

ಅವನು ಅವಳ ಕೈ ಬಿಡದೆಯೇ ಕಣ್ಣೊರೆಸಿಕೊಂಡ. "ಹೋಗಾಣ ನಡಿ," ಎಂದ.